ರಸ್ತೆಯೊಳಗೆ ಫಾಸ್ಟ್ಯಾಗ್ ಹೂತಿಟ್ಟರೆ ಚಾಲಕನಿಲ್ಲದ ಕಾರಿಗೆ ದಾರಿ ಗೊತ್ತಾಗ್ತದಾ?

ಸುರತ್ಕಲ್ ಸಂಚಾರಿ | ಜೂನ್ 21, ರಾತ್ರಿ 11:40

ನಿನ್ನೆ ರಾತ್ರಿ ಉಡುಪಿಯಿಂದ ಮನೆಗೆ ಬರ್ತಾ ಇದ್ದೆ. ಕಟಪಾಡಿ ದಾಟಿದ್ದೇ ತಡ, ಮಳೆ ಅಂದ್ರೆ ಮಳೆ. ವೈಪರ್ ಎಷ್ಟು ಜೋರು ಬಡಿದರೂ ಬಾನೆಟ್ಟಿನ ತುದಿಯಿಂದಾಚೆ ಎಂತದೂ ಕಾಣುವುದಿಲ್ಲ. ನನ್ನ ಕಾರಿನಲ್ಲಿ ಲೇನ್ ಬಿಟ್ಟು ಹೋದರೆ ಸ್ಟೇರಿಂಗನ್ನು ತಾನೇ ತಿದ್ದುವ ವ್ಯವಸ್ಥೆ ಉಂಟು. ಗಾಜಿನ ಹಿಂದಿರುವ ಕ್ಯಾಮೆರಾ ರಸ್ತೆಯ ಬಿಳಿ ಗೆರೆ ನೋಡಿಕೊಂಡು ಅದನ್ನು ಮಾಡುವುದು. ಪಾಂಗಾಳದ ಹತ್ತಿರ ಅದು ‘ಟಿಂಗ್’ ಅಂತ ಒಂದು ಸದ್ದು ಮಾಡಿ ಕೈಬಿಟ್ಟಿತು. ಎಪ್ರಿಲ್ ತಿಂಗಳ ಬಿಸಿಲಿನಲ್ಲಿ, ಗೆರೆ ನನಗೇ ಚೆನ್ನಾಗಿ ಕಾಣುವಾಗ, ಭಾರೀ ಉಮೇದಿನಲ್ಲಿ ತಿದ್ದುತ್ತಿತ್ತು ಮಾರಾಯ್ರೆ.

ಮುಂದೆ ಹೆಜಮಾಡಿ ಟೋಲು. ಅದೇ ಮಳೆ, ಅದೇ ಕಾರು. ಫಾಸ್ಟ್ಯಾಗ್ ಬೀಪ್ ಅಂತ ಓದಿ ಗೇಟ್ ಎದ್ದಿತು, ದುಡ್ಡೂ ಹೋಯಿತು.

ಮುಕ್ಕ ಮುಟ್ಟುವವರೆಗೆ ಅದೇ ತಲೆಯಲ್ಲಿ. ಗೆರೆ ಕಾಣದ ಮಳೆಯಲ್ಲೂ ಆ ಸ್ಟಿಕ್ಕರನ್ನು ಓದಲಿಕ್ಕೆ ಆಗ್ತದೆ ಅಂತಾದರೆ, ಅದನ್ನೇ ತಿರುಗಿಸಿ ಹಾಕಿದರೆ ಹೇಗೆ? ಟ್ಯಾಗ್ ರಸ್ತೆಯಲ್ಲಿ, ರೀಡರ್ ಕಾರಿನ ಅಡಿಯಲ್ಲಿ. ‘ಇದು ಪಾಂಗಾಳ, ಎಡಗಡೆ ಲೇನು, ಮುಂದೆ ಸೇತುವೆ’ ಅಂತ ರಸ್ತೆಯೇ ಹೇಳಲಿ. ಮಂಗಳೂರು–ಉಡುಪಿ 55 ಕಿಮೀ ಅಂತ ಹಿಡಿಯಿರಿ, ನಾಲ್ಕು ಲೇನು, 2 ಮೀಟರಿಗೊಂದು. 1,10,000 ಟ್ಯಾಗ್ ಆಯಿತು. ಒಂದಕ್ಕೆ ನೂರು ರೂಪಾಯಿ ಇಟ್ಟರೂ 1.10 ಕೋಟಿ. ಹೆದ್ದಾರಿಯ ಲೆಕ್ಕದಲ್ಲಿ ಇದು ಚಿಲ್ಲರೆ. ಎಲ್ಲಿ ತಪ್ಪಿದೆ ನನ್ನ ಲೆಕ್ಕ?

ಎಕ್ಸ್‌ಪ್ರೆಸ್ ಸ್ಟೇರಿಂಗ್ | ಜೂನ್ 21, ರಾತ್ರಿ 11:58

ಪಾಂಗಾಳದಲ್ಲಿ ಮಳೆಗೆ ಸೈಡಿಗೆ ನಿಂತ ಬಿಳಿ ಕಾರು ನಿಮ್ಮದಾ? ಹಾರ್ನ್ ಹಾಕಿದ್ದು ನಾನೇ.

ಮಣಿಪಾಲ ಆಂಟೆನಾ | ಜೂನ್ 22, ಬೆಳಗ್ಗೆ 7:15

ಸಂಚಾರಿಯವರೇ, ಲೆಕ್ಕ ತಪ್ಪಿಲ್ಲ. ತಪ್ಪಿದ್ದು ಆ ಬೀಪನ್ನು ನಂಬಿದ್ದರಲ್ಲಿ.

ಫಾಸ್ಟ್ಯಾಗಿನಲ್ಲಿ ಬ್ಯಾಟರಿ ಇಲ್ಲ. ಟೋಲಿನ ಆಂಟೆನಾ ಕಳಿಸುವ ಅಲೆಯಿಂದಲೇ ಚಿಪ್ಪು ಎಚ್ಚರಾಗಿ, ಅದೇ ಅಲೆಯನ್ನು ಹೆಚ್ಚುಕಮ್ಮಿ ಪ್ರತಿಫಲಿಸಿ ತನ್ನ ನಂಬರ್ ಹೇಳುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ 865ರಿಂದ 867 ಮೆಗಾಹರ್ಟ್ಸ್ ರೇಡಿಯೊ ಅಲೆಗಳ ಪಟ್ಟಿಯನ್ನು 2005ರಲ್ಲಿ ಲೈಸೆನ್ಸ್ ಬೇಡವೆಂದು ಬಿಟ್ಟುಕೊಟ್ಟಿದ್ದಾರೆ. ಈ ಅಲೆಗೆ ಗಾಳಿಯಲ್ಲಿ ಬೀಳುವ ಮಳೆ ಹನಿ ಲೆಕ್ಕಕ್ಕೇ ಇಲ್ಲ. ಹಾಗಾಗಿ ಟೋಲಿನಲ್ಲಿ ಓದಿತು. ಟ್ಯಾಗ್ ಇದ್ದದ್ದು ಗಾಜಿನ ಒಳಗೆ, ಒಣಗಿಕೊಂಡು. ಹೊರಗಿನ ನೀರು ತೆಳ್ಳಗೆ ಹರಿದು ಹೋಗುತ್ತಿತ್ತು.

ರಸ್ತೆಯಲ್ಲಿ ಹೂತ ಟ್ಯಾಗಿನ ಮೇಲೆ ನೀರು ನಿಲ್ಲುತ್ತದೆ. ನಿಂತ ನೀರು ಬೇರೆಯೇ ಕತೆ. ತಂಬೂರಿಯ ತಂತಿಗೆ ಒದ್ದೆ ಬಟ್ಟೆ ಸುತ್ತಿದರೆ ಶ್ರುತಿ ಇಳಿಯುವ ಹಾಗೆ, 866ಕ್ಕೆ ಕೂಡಿಸಿದ ಆಂಟೆನಾಕ್ಕೆ ನೀರು ತಾಗಿದರೆ ಶ್ರುತಿ ತಪ್ಪುತ್ತದೆ, ಅಲೆಯನ್ನೂ ನೀರು ಕುಡಿಯುತ್ತದೆ. ಉಪ್ಪು ನೀರಾದರೆ ಇನ್ನೂ ಜಾಸ್ತಿ. ಕಾಂಕ್ರೀಟ್ ರಸ್ತೆಯಾದರೆ ಒಳಗೆ ಕಬ್ಬಿಣ ಇದ್ದಲ್ಲಿ ಅದೂ ಒಂದು ತಕರಾರು.

ಇನ್ನೊಂದು ಜಾತಿ 13.56 ಮೆಗಾಹರ್ಟ್ಸಿನದ್ದು, ಆಫೀಸಿನ ಬಾಗಿಲಿಗೆ ತೋರಿಸುವ ಕಾರ್ಡಿನಲ್ಲಿ ಇರುವಂಥದ್ದು. ಅದು ಕಾಂತಕ್ಷೇತ್ರದಲ್ಲಿ ಮಾತಾಡುವುದರಿಂದ ನೀರಿಗೆ ಅಷ್ಟು ಹೆದರುವುದಿಲ್ಲ. ಆದರೆ ಕೈಯಳತೆಯ ದೂರ ದಾಟುವುದಿಲ್ಲ, ನಿಧಾನವೂ ಹೌದು.

ವೇಗದ ಲೆಕ್ಕವನ್ನೂ ಹಾಕಿಬಿಡುತ್ತೇನೆ. ಗಂಟೆಗೆ 80 ಕಿಮೀ ಅಂದರೆ ಸೆಕೆಂಡಿಗೆ 22 ಮೀಟರ್. ಕಾರಿನಡಿ ಅರ್ಧ ಮೀಟರ್ ಉದ್ದಕ್ಕೆ ಮಾತ್ರ ಟ್ಯಾಗ್ ಕೇಳಿಸುತ್ತದೆ ಅಂದುಕೊಂಡರೆ ಸಿಗುವ ಸಮಯ, ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 22 ಪಾಲು. ಫಾಸ್ಟ್ಯಾಗ್ ಜಾತಿಯದ್ದು ಅಷ್ಟರಲ್ಲಿ ನಂಬರ್ ಹೇಳಿ ಮುಗಿಸಬಲ್ಲದು. ಕಾರ್ಡಿನ ಜಾತಿಯದ್ದು ಏದುಸಿರು ಬಿಡುತ್ತದೆ.

ಸುಮ್ನೆ ಓದುಗ | ಜೂನ್ 22, ಬೆಳಗ್ಗೆ 9:02

ಚಾಲಕರ ಕೆಲಸ ಹೋಗುವ ಡ್ರೈವರ್‌ಲೆಸ್ ಕಾರಿಗೆ ಭಾರತದಲ್ಲಿ ಅವಕಾಶ ಕೊಡುವುದಿಲ್ಲ ಅಂತ ಗಡ್ಕರಿಯವರು 2017ರಲ್ಲೇ ಹೇಳಿ ಆಗಿದೆ. ಬರದ ಕಾರಿಗೆ ದಾರಿ ಹುಡುಕುವುದು ಯಾಕೆ? ಅದರ ಬದಲು ಸುರತ್ಕಲ್ ಟೋಲ್ ಹೋರಾಟದ ಹಾಗೆ ಹೆಜಮಾಡಿಯದ್ದಕ್ಕೂ...

ನಿರ್ವಾಹಕರು | ಜೂನ್ 22, ಬೆಳಗ್ಗೆ 9:20

ಟೋಲ್ ವಿಷಯಕ್ಕೆ ಬೇರೆ ಎಳೆ ಉಂಟು, ಅಲ್ಲಿ 340 ಪ್ರತಿಕ್ರಿಯೆ ಆಗಿದೆ. ದಯವಿಟ್ಟು ಇದನ್ನೂ ಅಲ್ಲಿಗೆ ಕೊಂಡುಹೋಗಬೇಡಿ.

ಹಳೆ ಹಳಿ | ಜೂನ್ 22, ಮಧ್ಯಾಹ್ನ 1:30

ನಾನು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತನಾದವನು, ಈಗ ಉಡುಪಿಯಲ್ಲಿ ವಾಸ. ನೀವು ಕೇಳುತ್ತಿರುವ ಕೆಲಸ ನಮ್ಮ ದೇಶದಲ್ಲಿ ಈಗಾಗಲೇ ನಡೆಯುತ್ತಿದೆ, ರಸ್ತೆಯಲ್ಲಲ್ಲ, ಹಳಿಯಲ್ಲಿ.

ಕವಚ್ ಎಂಬ ಹೆಸರು ಕೇಳಿರುತ್ತೀರಿ. 2020ರಲ್ಲಿ ಅದನ್ನು ರಾಷ್ಟ್ರೀಯ ರೈಲು ಸುರಕ್ಷಾ ವ್ಯವಸ್ಥೆ ಎಂದು ಅಂಗೀಕರಿಸಿದರು. ಅದರಲ್ಲಿ ಸ್ಲೀಪರುಗಳ, ಅಂದರೆ ಹಳಿಯಡಿಯ ಅಡ್ಡದಿಮ್ಮಿಗಳ ಮೇಲೆ ಆರ್‌ಎಫ್‌ಐಡಿ ಟ್ಯಾಗ್ (ಫಾಸ್ಟ್ಯಾಗಿನ ಹಾಗೆ ರೇಡಿಯೊ ಅಲೆಯಲ್ಲಿ ನಂಬರ್ ಹೇಳುವಂಥದ್ದು) ಕೂರಿಸುತ್ತಾರೆ, ಎರಡು ನಿಲ್ದಾಣಗಳ ನಡುವೆ ಸುಮಾರು ಕಿಲೋಮೀಟರಿಗೊಂದು, ಸ್ಟೇಷನ್ ಯಾರ್ಡಿನಲ್ಲಿ ಹೆಚ್ಚು ಒತ್ತಾಗಿ. ಇಂಜಿನ್ನಿನ ಹೊಟ್ಟೆಯಡಿ ರೀಡರ್. ಟ್ಯಾಗ್ ಸಿಕ್ಕಿದಾಗ ‘ನಾನು ಇಂಥ ಹಳಿಯ ಇಂಥ ಜಾಗದಲ್ಲಿದ್ದೇನೆ’ ಎಂದು ಖಚಿತ. ಮುಂದಿನ ಟ್ಯಾಗಿನವರೆಗೆ ಚಕ್ರದ ಸುತ್ತು ಎಣಿಸಿಕೊಂಡು ಹೋಗುವುದು. ಚಕ್ರ ಜಾರಿದರೆ ಎಣಿಕೆ ತಪ್ಪುತ್ತದೆ, ಮುಂದಿನ ಟ್ಯಾಗ್ ಬಂದಾಗ ತಪ್ಪು ಅಳಿಸಿ ಹೊಸ ಲೆಕ್ಕ.

ಯುರೋಪಿನಲ್ಲಿ ಇದಕ್ಕೆ ಬಹಳ ಹಿಂದಿನಿಂದ ಬಲೀಸ್ ಎಂಬ ಹಳದಿ ಪೆಟ್ಟಿಗೆ ಇದೆ. ಅದಕ್ಕೂ ಸ್ವಂತ ವಿದ್ಯುತ್ ಬೇಡ, ಮೇಲೆ ಹಾಯುವ ರೈಲೇ ಶಕ್ತಿ ಕೊಡುತ್ತದೆ.

ಕವಚ್‌ಗೆ ಮೊದಲು ನಮ್ಮ ಕೊಂಕಣ ರೈಲ್ವೆಯೇ ಡಿಕ್ಕಿ ತಡೆಯುವ ಸಾಧನವೊಂದನ್ನು ತಯಾರಿಸಿತ್ತು, ಜಿಪಿಎಸ್ ಆಧರಿಸಿ. ಜಿಪಿಎಸ್ಸಿನ ತೊಡಕು ಎರಡು. ಸುರಂಗದೊಳಗೆ ಆಕಾಶ ಕಾಣದು. ಕೊಂಕಣ ಮಾರ್ಗದಲ್ಲಿ ಸುರಂಗಗಳಿಗೆ ಬರವಿಲ್ಲ ಎಂದು ನಿಮಗೆ ಗೊತ್ತು. ಎರಡನೆಯದು, ಪಕ್ಕಪಕ್ಕದ ಎರಡು ಹಳಿಗಳಲ್ಲಿ ಯಾವುದರ ಮೇಲಿದ್ದೇವೆ ಎಂದು ನಾಲ್ಕೈದು ಮೀಟರ್ ಅಂದಾಜಿನ ಜಿಪಿಎಸ್ ಹೇಗೆ ಹೇಳೀತು? ಟ್ಯಾಗಿಗೆ ಆ ಗೊಂದಲವಿಲ್ಲ. ಆ ಹಳಿಯ ಸ್ಲೀಪರಿಗೇ ಅಂಟಿಕೊಂಡಿದೆಯಲ್ಲ!

ಕುಂದಾಪ್ರ ಕೂಸು | ಜೂನ್ 22, ಸಂಜೆ 6:44

ಹ್ವಾಯ್, ಜಿಪಿಎಸ್ ಸುದ್ದಿ ಬಂತಲೆ, ಕೇಣಿ. ಮರವಂತೆಯಂಗೆ ಹೋಪತಿಗೆ ನನ್ ಮೊಬೈಲ್ ಒಂದೊಂದ್ ಸಲ ಕಡಲಿನ್ ಒಳಗೇ ಕಾರ್ ಓಡ್ಸತ್ತ್. ಒಂದ್ ಬದಿ ಕಡಲ್, ಇನ್ನೊಂದ್ ಬದಿ ಸೌಪರ್ಣಿಕಾ ಹೊಳಿ. ಡ್ರೈವರ್ ಇಲ್ದಿದ್ ಕಾರ್ ಅಲ್ಲ್ ದಾರಿ ತಪ್ರೆ ಯಾವ್ ಬದಿಗ್ ಹೋರೂ ಮೀನೇ ಗತಿ.

ಸುರತ್ಕಲ್ ಸಂಚಾರಿ | ಜೂನ್ 22, ರಾತ್ರಿ 8:10

@ಹಳೆ ಹಳಿ, ಸರ್, ಇದು ಗೊತ್ತೇ ಇರಲಿಲ್ಲ. ಅಂದಮೇಲೆ ರೈಲಿಗೆ ಆದದ್ದು ಕಾರಿಗೂ ಆಗಬೇಕಲ್ಲ? ಕಿಲೋಮೀಟರಿಗೊಂದು ಸಾಕಾದರೆ ನನ್ನ 1.10 ಕೋಟಿ ಕೂಡ ಬೇಡ.

ಹಳೆ ಹಳಿ | ಜೂನ್ 22, ರಾತ್ರಿ 9:05

ರೈಲಿಗೆ ಸ್ಟೇರಿಂಗ್ ಇಲ್ಲ ಮಾರಾಯರೇ. ಎಡಬಲ ನೋಡಿಕೊಳ್ಳುವುದು ಹಳಿಯ ಕೆಲಸ. ಹಿಂದೆ ಮುಂದೆ ಮಾತ್ರ ನಮಗೆ ಬೇಕಿತ್ತು.

ಪ್ರಾಜೆಕ್ಟ್ ಪೀಡಿತ | ಜೂನ್ 23, ರಾತ್ರಿ 1:12

ಎಡಬಲದ ವಿಷಯಕ್ಕೆ ನನ್ನ ಒಂದು ಸೆಮಿಸ್ಟರ್ ಹೋಗಿದೆ, ಹೇಳ್ತೇನೆ.

ನಾವು ನಾಲ್ಕು ಜನ ಫೈನಲ್ ಇಯರಿಗೆ ಇದನ್ನೇ ಮಾಡಿದ್ದು. ಆರ್ಡುಯಿನೊ ಅಂತ ಪುಟ್ಟ ಕಂಪ್ಯೂಟರ್ ಬೋರ್ಡು ಹಾಕಿದ ಸಣ್ಣ ಗಾಡಿ, ಅಡಿಯಲ್ಲಿ ಕಾರ್ಡಿನ ಜಾತಿಯ ಟ್ಯಾಗ್ ಓದುವ ಆರ್‌ಸಿ522 ರೀಡರ್, ಲ್ಯಾಬಿನ ನೆಲಕ್ಕೆ ಅಂಟಿಸಿದ 24 ಕಾರ್ಡು. 7ನೇ ಕಾರ್ಡು ಸಿಕ್ಕಿದರೆ ಎಡಕ್ಕೆ ತಿರುಗು, 12 ಸಿಕ್ಕಿದರೆ ನಿಲ್ಲು, ಅಷ್ಟೇ ಬುದ್ಧಿ. ಕಾಗದದಲ್ಲಿ ಚಂದ ಉಂಟು. ನಡೆಸಿದಾಗ ಗಾಡಿ ಸ್ವಲ್ಪ ಓರೆಯಾದರೂ ಕಾರ್ಡಿನ ಪಕ್ಕದಿಂದ ದಾಟಿ ಹೋಗುವುದು, ರೀಡರಿಗೆ ಎಂತದೂ ಸಿಗುವುದಿಲ್ಲ. ಆಮೇಲೆ ಗೋಡೆ ಸಿಗುವವರೆಗೆ ನೇರ ಪ್ರಯಾಣ.

ಸಿಕ್ಕಿದರೂ ಅದು ‘7ನೇ ಕಾರ್ಡಿನ ಮೇಲೆ ಇದ್ದಿ’ ಅಂತ ಮಾತ್ರ ಹೇಳ್ತದೆ. ಎರಡು ಸೆಂಟಿಮೀಟರ್ ಎಡಕ್ಕೆ ಇದ್ದಿಯಾ, ಬಲಕ್ಕೆ ಇದ್ದಿಯಾ? ಹೇಳುವುದಿಲ್ಲ. ಮೂತಿ ಯಾವ ಕಡೆ ತಿರುಗಿದೆ? ಅದೂ ಇಲ್ಲ. ಕೊನೆಗೆ ಗಾಡಿಯ ಅಡ್ಡಕ್ಕೆ ಮೂರು ರೀಡರ್ ಹಾಕಿದೆವು. ಎಡದ್ದು ಓದಿದರೆ ಎಡಕ್ಕೆ ತಿದ್ದು, ಬಲದ್ದು ಓದಿದರೆ ಬಲಕ್ಕೆ. ಎಕ್ಸಿಬಿಷನ್ ದಿವಸ ಓಡಿತು, ಆಮೆಗಿಂತ ಸ್ವಲ್ಪ ಜೋರು. ಬಹುಮಾನ ಸಿಕ್ಕಿದ್ದು ಪಕ್ಕದ ಟೇಬಲಿನ ತೆಂಗಿನಕಾಯಿ ಸುಲಿಯುವ ಮಿಷನ್ನಿಗೆ.

ಮಣಿಪಾಲ ಆಂಟೆನಾ | ಜೂನ್ 23, ಬೆಳಗ್ಗೆ 7:30

ಪೀಡಿತರು ಮುಟ್ಟಿದ್ದೇ ಮರ್ಮ. ನಾನು ಇದನ್ನು ಮೊದಲೇ ಬರೆಯಬೇಕಿತ್ತು, ನೀರಿನ ಹಿಂದೆ ಬಿದ್ದೆ.

ಟ್ಯಾಗಿಗೆ ಗೊತ್ತಿರುವುದು ‘ಯಾವ ಜಾಗ’ ಎನ್ನುವುದು ಮಾತ್ರ. ‘ಎಷ್ಟು ಎಡಕ್ಕೆ’ ಎಂಬ ಪ್ರಶ್ನೆಗೆ ಬೇರೆ ಹಳೆಯ ಉತ್ತರವೊಂದಿದೆ: ಆಯಸ್ಕಾಂತ. 1997ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಬಳಿ ಇಂಟರ್‌ಸ್ಟೇಟ್ 15 ಹೆದ್ದಾರಿಯ ಸುಮಾರು 12 ಕಿಮೀ ಉದ್ದಕ್ಕೆ ಲೇನಿನ ನಡುವೆ 1.2 ಮೀಟರಿಗೊಂದರಂತೆ ಆಯಸ್ಕಾಂತ ಹೂತು, ಎಂಟು ಕಾರುಗಳನ್ನು ಸಾಲಾಗಿ, ಕೈ ಮುಟ್ಟದೆ ಓಡಿಸಿ ತೋರಿಸಿದರು. ಆಯಸ್ಕಾಂತದ ನೇರ ಮೇಲೆ ಹಾದರೆ ಒಂದು ಬಲ, ಒಂದು ಗೇಣು ಸರಿದರೆ ಬೇರೆ ಬಲ. ಅದನ್ನು ಅಳೆದರೆ ಕಾರು ಎಷ್ಟು ಸರಿದಿದೆ ಎಂದು ಸೆಂಟಿಮೀಟರ್ ಲೆಕ್ಕದಲ್ಲಿ ಗೊತ್ತಾಗುತ್ತದೆ. ಮಳೆ, ಹಿಮ, ಕೆಸರು, ಯಾವುದರ ಹಂಗೂ ಇಲ್ಲ. ಉತ್ತರ ಧ್ರುವ ಮೇಲೆ, ದಕ್ಷಿಣ ಧ್ರುವ ಮೇಲೆ ಎಂದು ಬದಲಿಸಿ ಹೂತು, ಮುಂದಿನ ತಿರುವಿನ ವಿವರವನ್ನೂ ಸೊನ್ನೆ-ಒಂದರ ಭಾಷೆಯಲ್ಲಿ ಬರೆದಿಟ್ಟಿದ್ದರು. ಜಾಣತನ ನೋಡಿ.

ಆದರೆ ಒಂದೊಂದು ಆಯಸ್ಕಾಂತಕ್ಕೆ ಅದರದ್ದೇ ಹೆಸರಿಲ್ಲ, ಯಾವ ಧ್ರುವ ಮೇಲೆ ಎಂಬುದು ಬಿಟ್ಟರೆ ಎಲ್ಲವೂ ಒಂದೇ ತರ. ಅದಕ್ಕೇ ಜಪಾನಿನಲ್ಲಿ ಎರಡನ್ನೂ ಕೂಡಿಸಿದ್ದಾರೆ. 2011ರ ಸುನಾಮಿಯಲ್ಲಿ ಕೆಸೆನ್ನುಮಾ ಎಂಬ ಕರಾವಳಿ ರೈಲುಮಾರ್ಗ ಕೊಚ್ಚಿಹೋಯಿತು. ಹಳಿ ಇದ್ದ ಜಾಗದಲ್ಲಿ ಬಸ್ಸಿಗೆ ಮಾತ್ರ ಮೀಸಲಾದ ರಸ್ತೆ ಮಾಡಿದರು. ಅಲ್ಲಿ ಸ್ವಯಂಚಾಲಿತ ಬಸ್ಸು ರಸ್ತೆಯೊಳಗಿನ ಆಯಸ್ಕಾಂತ ನೋಡಿಕೊಂಡು ಹೋಗುತ್ತದೆ, ಕೆಲವಕ್ಕೆ ಆರ್‌ಎಫ್‌ಐಡಿ ಟ್ಯಾಗನ್ನೂ ಜೋಡಿಸಿದ್ದಾರೆ. ಎಡಬಲ ಆಯಸ್ಕಾಂತದ ಪಾಲು, ಹೆಸರು ಹೇಳುವುದು ಟ್ಯಾಗಿನ ಪಾಲು.

ಎಕ್ಸ್‌ಪ್ರೆಸ್ ಸ್ಟೇರಿಂಗ್ | ಜೂನ್ 23, ರಾತ್ರಿ 10:50

ಟ್ರಿಪ್ ಮುಗಿಸಿ ಎಲ್ಲ ಓದಿದೆ. ನನಗೆ ನಿಮ್ಮಷ್ಟು ಗೊತ್ತಿಲ್ಲ. ಆದ್ರೆ ನೀವು ಹೇಳುವ ಟ್ಯಾಗ್ ನನ್ನ ಸೊಂಟಕ್ಕೆ ಗೊತ್ತುಂಟು.

ಹತ್ತೊಂಬತ್ತು ವರ್ಷ ಆಯ್ತು ಇದೇ ರೂಟು. ಜೋರು ಮಳೆಗೆ ನಮಗೂ ಗೆರೆ ಕಾಣುವುದಿಲ್ಲ. ಕೂಳೂರು ಸೇತುವೆಯ ಜಾಯಿಂಟ್ ಬೇರೆ, ಪಾವಂಜೆಯದ್ದು ಬೇರೆ, ಮುಲ್ಕಿಯದ್ದು ಬೇರೆ. ಚಕ್ರ ಹತ್ತಿದಾಗ ಸೀಟಿನಲ್ಲಿ ಬರುವ ಸದ್ದಿನಲ್ಲೇ ಗೊತ್ತಾಗ್ತದೆ, ಹಾಂ, ಇಲ್ಲಿಗೆ ಬಂತು, ಇನ್ನು ಬಲಕ್ಕೆ ಸ್ವಲ್ಪ ತಿರುವು, ಅಲ್ಲಿ ನೀರು ನಿಂತಿರ್ತದೆ. ನಡುವೆ ಅಂದಾಜು. ಹಳಿಯ ಸರ್ ಹೇಳಿದ್ದು ಓದುವಾಗ ನಗು ಬಂತು, ನಾನೂ ಅದನ್ನೇ ಮಾಡುವುದಲ್ವಾ!

ಆದ್ರೆ ಒಂದು. ಜಾಯಿಂಟ್ ನನಗೆ ಜಾಗ ಹೇಳ್ತದೆ. ರಾಂಗ್ ಸೈಡಲ್ಲಿ ಲೈಟ್ ಇಲ್ಲದೆ ಬರುವ ಸ್ಕೂಟರನ್ನು ಹೇಳುವುದಿಲ್ಲ. ಉಚ್ಚಿಲದಲ್ಲಿ ರಸ್ತೆ ನಡುವೆ ಮಲಗಿದ ದನವನ್ನು ಹೇಳುವುದಿಲ್ಲ. ಅದಕ್ಕೆ ಕಣ್ಣೇ ಬೇಕು.

ಮಣಿಪಾಲ ಆಂಟೆನಾ | ಜೂನ್ 23, ರಾತ್ರಿ 11:15

ಈ ಎಳೆಯಲ್ಲಿ ಇದುವರೆಗೆ ಬಂದ ಬರಹಗಳಲ್ಲಿ ಇದು ನನಗೆ ಹೆಚ್ಚು ಹಿಡಿಸಿತು, ಅಣ್ಣ. ದನವನ್ನು ಕಾಣಲಿಕ್ಕೆ ರಾಡಾರ್, ಕ್ಯಾಮೆರಾ, ಲೇಸರಿನಿಂದ ದೂರ ಅಳೆಯುವ ಲೈಡಾರ್ ಬೇಕೇ ಬೇಕು. ಜಾಗ ಖಚಿತವಿದ್ದರೆ ಅವುಗಳ ತಲೆಬಿಸಿ ಅಷ್ಟು ಕಮ್ಮಿ.

ಸುಮ್ನೆ ಓದುಗ | ಜೂನ್ 24, ಬೆಳಗ್ಗೆ 8:40

ಸರಿ, ಟೋಲ್ ಬಿಟ್ಟೆ. ಯಾರೋ ಪಡುಬಿದ್ರಿಯ ಟ್ಯಾಗ್ ಕಿತ್ತು ತಂದು ಕಾಪುವಿನಲ್ಲಿ ಹೂತರೆ? ನಮ್ಮವರು ಸೇತುವೆಯ ಕಬ್ಬಿಣವನ್ನೇ ಬಿಡುವುದಿಲ್ಲ.

ಮಣಿಪಾಲ ಆಂಟೆನಾ | ಜೂನ್ 24, ಬೆಳಗ್ಗೆ 9:10

ನಿಜವಾದ ಚಿಂತೆ. ನಂಬರ್ ನಕಲು ಮಾಡುವುದು ಸಾದಾ ಟ್ಯಾಗಿನಲ್ಲಿ ಕಷ್ಟವಲ್ಲ. 2013ರ ನಂತರದ ಮಾನದಂಡದಲ್ಲಿ ಗುಪ್ತಲಿಪಿಯಿಂದ ಗುರುತು ಸಾಬೀತು ಮಾಡುವ ಸೌಲಭ್ಯ ಸೇರಿದೆ, ಆದರೆ ಅದಕ್ಕೆ ಸಮಯ ಹಿಡಿಯುತ್ತದೆ, ನಮ್ಮಲ್ಲಿರುವುದು ಆ 22 ಪಾಲು. ಅದಕ್ಕಿಂತ ಸರಳ ಕಾವಲು ಚಕ್ರದ ಎಣಿಕೆಯೇ. ಹಿಂದಿನ ಟ್ಯಾಗಿನಿಂದ 2 ಮೀಟರ್ ಬಂದಿದ್ದೇನೆ, ಈ ಟ್ಯಾಗ್ ಪಡುಬಿದ್ರಿ ಅನ್ನುತ್ತಿದೆ. ಅಷ್ಟು ಹಾರಲಿಕ್ಕೆ ಕಾರೇನು ಹನುಮಂತನೇ? ನಂಬಬೇಡ, ಮುಂದೆ ಹೋಗು. ಪಕ್ಕದ ಲಾರಿಯ ಫಾಸ್ಟ್ಯಾಗ್ ಅಕಸ್ಮಾತ್ ಓದಿಸಿಕೊಂಡರೂ ಹೀಗೇ ಬದಿಗಿಡಬೇಕು. ಎರಡೂ ಒಂದೇ ಪಟ್ಟಿಯಲ್ಲಿ ಮಾತಾಡುವಂಥವು.

ಜಲ್ಲಿ ಡಾಂಬರು | ಜೂನ್ 25, ರಾತ್ರಿ 9:30

ರಸ್ತೆ ಕೆಲಸದ ಸಬ್ ಕಾಂಟ್ರಾಕ್ಟು ನನ್ನದು. ಎಲ್ಲರೂ ರಸ್ತೆ ಅಂದ್ರೆ ಕಲ್ಲಿನಲ್ಲಿ ಕೆತ್ತಿಟ್ಟದ್ದು ಅಂತ ತಿಳ್ಕೊಂಡು ಮಾತಾಡ್ತಾ ಇದ್ದೀರಿ.

ಬಿಸಿ ಡಾಂಬರು ಹಾಕುವುದು 150 ಡಿಗ್ರಿ ಆಸುಪಾಸಿನಲ್ಲಿ, ಅದರ ಮೇಲೆ ರೋಲರ್. ಮೊದಲೇ ಟ್ಯಾಗ್ ಇಟ್ಟು ಮೇಲೆ ಡಾಂಬರು ಸುರಿದರೆ ಸಾದಾ ಪ್ಲಾಸ್ಟಿಕ್ ಚಟ್ಟಂಬಡೆ. ಹಾಗಾಗಿ ರಸ್ತೆ ಆದ ಮೇಲೆ ಡ್ರಿಲ್ ಮಾಡಿ ತೂತು ತೆಗೆದು, ಗಟ್ಟಿ ಕವಚದ ಟ್ಯಾಗ್ ಇಳಿಸಿ, ಎಪಾಕ್ಸಿ ಅಂತ ಗಟ್ಟಿಯಾಗುವ ಅಂಟು ತುಂಬಬೇಕು. ಒಂದು ಲಕ್ಷ ಹತ್ತು ಸಾವಿರ ತೂತು! ಸಂಚಾರಿಯವರ ನೂರು ರೂಪಾಯಿ ಟ್ಯಾಗಿನದ್ದು. ತೂತಿನದ್ದು, ಲೇನ್ ಬಂದ್ ಮಾಡಿ ಕೋನ್ ಇಟ್ಟು ಬಾವುಟ ಹಿಡಿದು ನಿಲ್ಲುವ ಹುಡುಗರದ್ದು ಯಾರು ಕೊಡುವುದು? ಎಪಾಕ್ಸಿ ಸರಿ ಕೂರದಿದ್ದರೆ ಆ ತೂತಿನಿಂದಲೇ ನೀರು ಇಳಿದು ಹೊಂಡ ಶುರು.

ಅಷ್ಟೂ ಮಾಡಿದಿರಿ ಅಂತ ಇಟ್ಟುಕೊಳ್ಳುವ. ಕೆಲವು ವರ್ಷಕ್ಕೆ ಮೇಲಿನ ಪದರ ಕೆರೆದು ಹೊಸತು ಹಾಕ್ತಾರೆ. ಕೆರೆಯುವ ಮಿಷನ್ನಿಗೆ ಟ್ಯಾಗೂ ಒಂದೇ, ಜಲ್ಲಿಯೂ ಒಂದೇ. ಊರೊಳಗೆ ಕೇಳುವುದೇ ಬೇಡ. ಇವತ್ತು ಕಾಂಕ್ರೀಟು, ನಾಳೆ ನೀರಿನ ಪೈಪು, ನಾಡಿದ್ದು ಗ್ಯಾಸು, ಆಮೇಲೆ ಕೇಬಲು. ಅಗೆದವ ಮುಚ್ಚುವಾಗ ಟ್ಯಾಗ್ ಸಿಕ್ಕಿದರೆ ಪಾಪ ಅಂತ ಅಲ್ಲೇ ಎಲ್ಲಾದರೂ ಹಾಕಿಬಿಡ್ತಾನೆ. ಇಲ್ಲದ ಟ್ಯಾಗಿಗೆ ನಿಮ್ಮ ಚಕ್ರದ ಎಣಿಕೆ ಉಂಟು. ಎರಡು ಅಡಿ ಸರಿದು ಕೂತ ಟ್ಯಾಗಿಗೆ ಎಂತ ಮದ್ದು? ಅದು ಹನುಮಂತ ಅಲ್ಲ, ನಂಬುವಷ್ಟೇ ಹತ್ತಿರದ ಸುಳ್ಳು.

ಬಂದರು ಗಾಳಿ | ಜೂನ್ 25, ರಾತ್ರಿ 10:15

ಡಾಂಬರು ಅಣ್ಣ ಹೇಳಿದ್ದು ಹೌದು. ಅದಕ್ಕೇ ಇದು ನಡೆದದ್ದು ಬಂದರಿನೊಳಗೆ. ನಾನು ಪಣಂಬೂರಿಗೆ ಕಂಟೈನರ್ ಲಾರಿ ಕಳಿಸುವ ಕೆಲಸದವ, ಆ ಕಾರಣಕ್ಕೆ ಹೊರಗಿನ ಬಂದರುಗಳ ವಿಷಯ ಓದ್ತಾ ಇರ್ತೇನೆ. ನೆದರ್‌ಲ್ಯಾಂಡಿನ ರಾಟರ್‌ಡ್ಯಾಮಿನಲ್ಲಿ 1993ರಿಂದಲೇ ಚಾಲಕನಿಲ್ಲದ ಗಾಡಿಗಳು ಹಡಗಿನ ಬುಡದಿಂದ ಯಾರ್ಡಿಗೆ ಕಂಟೈನರ್ ಹೊರುತ್ತಿವೆ. ನೆಲದಲ್ಲಿ ಚೌಕಾಬಾರದ ಮನೆಗಳ ಹಾಗೆ ಸಾಲಾಗಿ ಟ್ರಾನ್ಸ್‌ಪಾಂಡರ್, ಅಂದ್ರೆ ಕೇಳಿದರೆ ನಂಬರ್ ಹೇಳುವ ಟ್ಯಾಗಿನಂಥದ್ದು, ಹೂತಿದ್ದಾರೆ, ಗಾಡಿ ಅದನ್ನು ಓದಿಕೊಂಡು ಹೋಗ್ತದೆ. ಜರ್ಮನಿಯ ಹ್ಯಾಂಬರ್ಗ್ 2002ರಲ್ಲಿ ಹಾಗೇ ಮಾಡಿತು.

ಯಾಕೆ ಅಲ್ಲಿ ಆಗ್ತದೆ? ಸುತ್ತ ಬೇಲಿ. ದನ ಇಲ್ಲ, ಸ್ಕೂಟರ್ ಇಲ್ಲ. ವೇಗ ಕಮ್ಮಿ. ನೆಲಕ್ಕೆ ಒಬ್ಬನೇ ಯಜಮಾನ, ಅವನನ್ನು ಕೇಳದೆ ಯಾರೂ ಅಗೆಯುವಂತಿಲ್ಲ. ಸುತ್ತಮುತ್ತ ಕ್ರೇನು, ಕಬ್ಬಿಣದ ಡಬ್ಬಗಳ ಗೋಡೆ ಇರುವುದರಿಂದ ಜಿಪಿಎಸ್ ಕೂಡ ಅಲ್ಲಿ ತಡವರಿಸ್ತದೆ, ಹಾಗಾಗಿ ನೆಲದ ಮಾತೇ ಗಟ್ಟಿ.

ಸುರತ್ಕಲ್ ಸಂಚಾರಿ | ಜೂನ್ 26, ರಾತ್ರಿ 11:05

ಎಲ್ಲ ಎರಡೆರಡು ಸಲ ಓದಿದೆ. ಹೆದ್ದಾರಿಯ ಆಸೆ ಸದ್ಯಕ್ಕೆ ಮಡಚಿಟ್ಟೆ. ಆದ್ರೆ ದೊಡ್ಡ ಕ್ಯಾಂಪಸ್ಸಿನೊಳಗಿನ ಬ್ಯಾಟರಿ ಬಸ್ಸು, ವಿಮಾನ ನಿಲ್ದಾಣದ ಒಳರಸ್ತೆ, ಪಾರ್ಕಿಂಗ್ ನೆಲಮಾಳಿಗೆ, ಅಲ್ಲಿಗೆಲ್ಲ ಇದು ಸರಿ ಅಂತ ಕಾಣ್ತದೆ. ಕಿನ್ನಿಗೋಳಿಯ ಮನೆಯಲ್ಲಿ ಒಂದು ಪರೀಕ್ಷೆ ಮಾಡುವ ಅಂತ ಉಂಟು. ಪೀಡಿತರೇ, ನಿಮ್ಮ ಆ ರೀಡರ್ ಈಗಲೂ ಉಂಟಾ?

ಪ್ರಾಜೆಕ್ಟ್ ಪೀಡಿತ | ಜೂನ್ 26, ರಾತ್ರಿ 11:31

ಮೂರೂ ಉಂಟು ಅಣ್ಣ. ಕೊಂಡುಹೋಗಿ, ವಾಪಸ್ ಕೊಡದಿದ್ದರೂ ಬೇಜಾರಿಲ್ಲ.

ಸುರತ್ಕಲ್ ಸಂಚಾರಿ | ಜುಲೈ 27, ಮಧ್ಯಾಹ್ನ 3:20

ವರದಿ ಒಪ್ಪಿಸ್ತಾ ಇದ್ದೇನೆ.

ಗೇಟಿನಿಂದ ಅಂಗಳಕ್ಕೆ, ಅಲ್ಲಿಂದ ಹಿಂದಿನ ಬಾವಿಕಟ್ಟೆಗೆ ಹೋಗುವ ದಾರಿಯಲ್ಲಿ ಕೆಂಪು ಕಲ್ಲಿನ ಚಪ್ಪಡಿ ಹಾಸಿದ್ದೇವೆ. ಹತ್ತು ಚಪ್ಪಡಿಯ ಮೇಲೆ ಸಣ್ಣ ಗುಳಿ ಕೆತ್ತಿ ಕಾರ್ಡಿನ ಜಾತಿಯ ಬಿಲ್ಲೆ ಟ್ಯಾಗ್ ಇಟ್ಟು ಎಪಾಕ್ಸಿ ಹಾಕಿದೆ. ಟ್ಯಾಗ್ ಓದಿದರೆ ಆ ಜಾಗದ ಹೆಸರು ಮೊಬೈಲಿನಲ್ಲಿ ಬರುವ ಹಾಗೆ ಮಾಡಿದೆ. ರೀಡರನ್ನು ಅಡಿಕೆ ಹೊರುವ ಕೈಗಾಡಿಯ ಅಡಿಗೆ, ನೆಲಕ್ಕೆ ಎರಡು ಬೆರಳು ಅಂತರದಲ್ಲಿ ಕಟ್ಟಿದೆ. ಕಬ್ಬಿಣದ ಗಾಡಿಗೆ ತಾಗಿಸಿ ಕಟ್ಟಿದಾಗ ಒಂದೂ ಓದಲಿಲ್ಲ. ನಡುವೆ ಹಲಗೆ ಕೊಟ್ಟ ಮೇಲೆ ಸರಿಯಾಯಿತು. ನೀರು ನಿಂತ ಚಪ್ಪಡಿಯಲ್ಲೂ ಓದಿತು, ಆಂಟೆನಾದವರು ಹೇಳಿದ ಹಾಗೆಯೇ. ಫಾಸ್ಟ್ಯಾಗ್ ಜಾತಿಯ ಸ್ಟಿಕ್ಕರ್ ಎರಡು ತಂದಿದ್ದೆ, ಗೆಳೆಯನ ಗೋದಾಮಿನ ಕೈರೀಡರಿನಲ್ಲಿ ನೋಡಿದೆ. ಒಣಕಲ್ಲಿನಲ್ಲಿ ನಿಂತಲ್ಲಿಂದಲೇ ಓದಿತು. ಒಂದು ಬಾಲ್ದಿ ನೀರು ಹೊಯ್ದೆ, ಸುಮ್ಮನಾಯಿತು.

ಮೊನ್ನೆ ಎರಡು ದಿನ ಜೋರು ಮಳೆ ಬಂತಲ್ಲ, ಅದರ ನಂತರ ಹೋಗಿ ಗಾಡಿ ದೂಡಿದರೆ ಗೇಟಿನಿಂದ ನಾಲ್ಕನೇ ಹೆಜ್ಜೆಗೆ ಮೊಬೈಲಿನಲ್ಲಿ ‘ಬಾವಿಕಟ್ಟೆ’ ಅಂತ ಬಂತು. ಬಾವಿ ಇರುವುದು ಮನೆಯ ಹಿಂದೆ. ಪ್ರೋಗ್ರಾಮ್ ತಪ್ಪು ಅಂತ ಅರ್ಧ ಗಂಟೆ ಕೂತು ನೋಡಿದೆ. ಆಮೇಲೆ ಅಪ್ಪ ಬಂದು ಹೇಳಿದ್ರು, ಗೇಟಿನ ಹತ್ತಿರ ತೋಡಿನ ನೀರು ಕಟ್ಟಿ ನಿಂತಿತ್ತಂತೆ, ಅಲ್ಲಿನ ಕಲ್ಲು ಎಬ್ಬಿಸಿ ನೀರು ಬಿಟ್ಟದ್ದು. ಮುಚ್ಚುವಾಗ ಬಾವಿಕಟ್ಟೆಯ ಹತ್ತಿರದ ಕಲ್ಲು ಸರಿ ಅಳತೆಯದ್ದು ಅಂತ ಅದನ್ನು ತಂದು ಹಾಕಿದ್ದು. ‘ಕಲ್ಲಿನಲ್ಲಿ ಎಂತದೋ ಉಂಟು ಅಂತ ನೀನು ನನಗೆ ಹೇಳಿದ್ದಿಯಾ?’ ಅಂತ ಕೇಳಿದ್ರು.

ಜಲ್ಲಿ ಡಾಂಬರು | ಜುಲೈ 27, ಸಂಜೆ 4:02

ನಿಮ್ಮ ಅಪ್ಪನಿಗೆ ನನ್ನ ಕಡೆಯಿಂದ ಒಂದು ನಮಸ್ಕಾರ. ಅಳತೆ ನೋಡಿ ಹಾಕಿದ್ದಾರಲ್ಲ, ನಮ್ಮ ಹುಡುಗರು ಅದೂ ನೋಡುವುದಿಲ್ಲ.

ಕುಂದಾಪ್ರ ಕೂಸು | ಜುಲೈ 27, ಸಂಜೆ 6:15

ನಿಮ್ ಮನಿಯಂಗೆ ಕಲ್ಲ್ ಎಬ್ಸದ್ ಯಾರ್ ಅಂದೇಳಿ ಕೇಂಬುಕೆ ಅಪ್ಪಯ್ಯ ಇದ್ರ್. ಹೆದ್ದಾರಿಯಂಗೆ ಯಾರ್ ಹತ್ರ ಕೇಂತ್ರಿ?

ಸುರತ್ಕಲ್ ಸಂಚಾರಿ | ಜುಲೈ 27, ಸಂಜೆ 6:40

ಗೇಟಿನ ಹಳೆಯ ಕಲ್ಲು ಇನ್ನೂ ಸಿಕ್ಕಿಲ್ಲ. ದನದ ಕೊಟ್ಟಿಗೆಗೆ ಹೋಗಿದೆ ಅಂತ ಗುಮಾನಿ. ಭಾನುವಾರ ರೀಡರ್ ಹಿಡಿದುಕೊಂಡು ಅಲ್ಲಿ ಹುಡುಕಬೇಕು.